ಬೇಲಿಯ ಲಂಟಾನ, ಬಯಲಿನ ತಂಗಡಿ

ತಂಗಡಿ ತೆಲಂಗಾಣದ ರಾಜ್ಯ ಪುಷ್ಪ, ಬನ್ನಿ ರಾಜ್ಯ ವೃಕ್ಷ. ಬತುಕಮ್ಮಕ್ಕೆ ತಂಗಡಿ ಬೇಕು, ದಸರೆಗೆ ಬನ್ನಿ ಬೇಕು. ತಾಂಡೂರು, ಜಹೀರಾಬಾದ್, ನಾರಾಯಣಖೇಡ ಭಾಗದ ನಮ್ಮ ಮಕ್ಕಳು ಇವನ್ನು ಎರಡು ಹೆಸರಿನಿಂದ ಕರೆಯಬಲ್ಲರು: ತೆಲುಗಿನಲ್ಲಿ ತಂಗಡಿ ತಂಗೇಡು, ಬನ್ನಿ ಜಮ್ಮಿ. ಆದರೆ ಇವು ಬೆಳೆಯುವ ಬಯಲು, ಗುಡ್ಡ, ಹೊಲದ ಬದುಗಳನ್ನು ಹೊರಗಿನಿಂದ ಬಂದ ಗಿಡಗಳು ಆವರಿಸುತ್ತಿವೆ. ಕೆಲವನ್ನು ಅಂದಕ್ಕೆಂದು ನಾವೇ ಬೆಳೆಸುತ್ತೇವೆ.

ಮೊದಲನೆಯದು ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ತೋಟದ ಅಲಂಕಾರಕ್ಕೆಂದು ಭಾರತಕ್ಕೆ ತಂದರು. ಬಣ್ಣ ಬಣ್ಣದ ಹೂಗೊಂಚಲು ಚೆಂದ. ದನ ತಿನ್ನುವುದಿಲ್ಲವೆಂದು ಬೇಲಿಗೂ ಹಾಕುತ್ತಾರೆ. ಇದರ ಕಪ್ಪು ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಗುಡ್ಡಕ್ಕೆ ಒಯ್ಯುತ್ತವೆ. ಪೊದೆ ದಟ್ಟವಾದಲ್ಲಿ ಹುಲ್ಲು ಏಳುವುದಿಲ್ಲ, ತಂಗಡಿಯ ಸಸಿಗೆ ಬಿಸಿಲು ಸಿಗುವುದಿಲ್ಲ. ಹಸಿದ ದನ ಎಲೆ ತಿಂದರೆ ಯಕೃತ್ತಿಗೆ ಹಾನಿಯಾಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡಿ ಮಾರುತ್ತಾರೆ. ಆದರೂ ಕಾಡಿನಲ್ಲಿ ಲಂಟಾನ ಮುಗಿದಿಲ್ಲ.

ಎರಡನೆಯದು ನೀಲಿ ಹೂವಿನ ಅಂತರಗಂಗೆ, ತೆಲುಗಿನ ಗುರ್ರಪು ಡೆಕ್ಕ. ದಕ್ಷಿಣ ಅಮೆರಿಕದ ಇದೂ ಹೂವಿನ ಆಸೆಗೆ ಬಂದದ್ದೇ. ಅನುಕೂಲ ಸಿಕ್ಕರೆ ಎರಡೇ ವಾರದಲ್ಲಿ ದುಪ್ಪಟ್ಟಾಗಿ ನೀರನ್ನು ಮುಚ್ಚುತ್ತದೆ. ಮನೆಯ ತೊಟ್ಟಿಯಿಂದ ಮೋರಿಗೆ ಎಸೆದ ಒಂದು ಗಿಡ ಹಳ್ಳ ಸೇರಬಹುದು, ಹಳ್ಳದಿಂದ ಕಾಗಿಣಾ ಸೇರಬಹುದು. ಕಾಗಿಣಾ ಗಡಿ ದಾಟಿ ಕಲಬುರಗಿ ಜಿಲ್ಲೆಯಲ್ಲಿ ಹರಿದು ಭೀಮೆಯನ್ನು ಸೇರುವ ನದಿ.

ಮೂರನೆಯದು ಬಳ್ಳಾರಿ ಜಾಲಿ, ತೆಲುಗಿನ ಸರ್ಕಾರು ತುಮ್ಮ. ಇದು ಬನ್ನಿಯ ಹತ್ತಿರದ ಬಂಧು. ಆದರೆ ಬನ್ನಿಯ ಕೆಳಗೆ ಬೆಳೆ ಬರುತ್ತದೆ, ಇದರ ಕೆಳಗೆ ಹುಲ್ಲೂ ಕಷ್ಟ. ಉರುವಲಿಗೆ, ಬೇಲಿಗೆ ಬಂದದ್ದು ಈಗ ಬೀಳು ಭೂಮಿಯನ್ನೆಲ್ಲ ಹಿಡಿದಿದೆ.

ತೆಗೆಯುವುದು ಹೇಗೆ? ಮೇಲೆ ಮೇಲೆ ಸವರಿದರೆ ಲಂಟಾನ, ಜಾಲಿ ಎರಡೂ ಇನ್ನಷ್ಟು ಚಿಗುರುತ್ತವೆ. ಲಂಟಾನದ ಬುಡದ ಮಣ್ಣು ಸರಿಸಿ, ನೆಲಮಟ್ಟದಿಂದ ಎರಡು-ಮೂರು ಬೆರಳು ಕೆಳಗೆ ತಾಯಿಬೇರು ಕತ್ತರಿಸಬೇಕು. ಕಿತ್ತ ಪೊದೆಯನ್ನು ಬುಡ ಮೇಲಾಗಿ ಒಣಗಲು ಬಿಡಬೇಕು. ಇಲ್ಲದಿದ್ದರೆ ಮತ್ತೆ ಬೇರು ಬಿಡುತ್ತದೆ. ಕಾಯಿ ಕಟ್ಟುವ ಮೊದಲೇ ಈ ಕೆಲಸ ಆಗಬೇಕು. ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಮಳೆಯೂ ಬಂದಿರುತ್ತದೆ, ಮಣ್ಣು ಮೆತ್ತಗಿರುತ್ತದೆ. ಬೇರು ಕಡಿಯುವುದು ದೊಡ್ಡವರ ಕೆಲಸ. ಮುಂದಿನ ಎರಡು-ಮೂರು ಮಳೆಗಾಲ ಮೊಳಕೆ ಕೀಳುವುದನ್ನು ಮಕ್ಕಳು ಮಾಡಬಹುದು. ಲಂಟಾನದ ಹಸಿರು ಕಾಯಿ ವಿಷ, ಬಾಯಿಗೆ ಹಾಕದಂತೆ ಹೇಳಿರಿ.

ಖಾಲಿಯಾದ ಜಾಗವನ್ನು ಹಾಗೇ ಬಿಟ್ಟರೆ ಕಳೆಯೇ ಮರಳುತ್ತದೆ. ಅಲ್ಲಿ ತಂಗಡಿ ಬೀಜ ಬಿತ್ತಿರಿ. ಬನ್ನಿ, ಬೇವು, ಹೊಂಗೆ ನೆಡಿರಿ. ಶಾಲೆಯ ಆವರಣದಲ್ಲಿ ಸಸಿ ನೆಡುವಾಗ ಯಾವ ಸಸಿ ಬಂದಿದೆ ಎಂದು ಶಾಲಾ ಸಭೆಯಲ್ಲಿ ಪಾಲಕರು ಕೇಳಬೇಕು.

ಮನೆಯಲ್ಲಿ ಇನ್ನೊಂದು ಕೆಲಸವಿದೆ. ಮಗುವಿನ ನೋಟ್‌ಬುಕ್ಕಿನಲ್ಲಿ ಸುತ್ತಲಿನ ಹತ್ತು ಗಿಡಗಳ ಹೆಸರನ್ನು ಕನ್ನಡದಲ್ಲಿ, ಪಕ್ಕದಲ್ಲಿ ತೆಲುಗಿನಲ್ಲಿ ಬರೆಸಿರಿ. ಹೆಸರು ಗೊತ್ತಿಲ್ಲದ್ದನ್ನು ಅಜ್ಜ-ಅಜ್ಜಿಯನ್ನು ಕೇಳಲಿ. ಗಿಡ ಬಯಲಿನಲ್ಲಿ ಉಳಿದರೆ ಮಾತ್ರ ಅದರ ಕನ್ನಡದ ಹೆಸರು ಮಗುವಿನ ಬಾಯಲ್ಲಿ ಉಳಿಯುತ್ತದೆ.