ಒಂದು ರಗ್ಬಿ ಸಂಘದ ಚರಿತ್ರೆಯಲ್ಲಿ ಎರಡು ಖಾಲಿ ಸಾಲುಗಳು

ಆಟೋಟಗಳ ವಿಷಯವಾಗಿ ಬರೆಯುವ ಅಧಿಕಾರ ನನಗಿಲ್ಲವೆಂದು ನಮ್ಮ ಕಾಲೇಜಿನ ಕಬಡ್ಡಿ ತಂಡದ ಗೆಳೆಯರು ಒಕ್ಕೊರಲಿನಿಂದ ಹೇಳುತ್ತಾರೆ. ಅವರ ಮಾತು ನಿಜ. ಮೂರು ವರ್ಷಗಳಿಂದ ನಾನು ಅವರ ಅಂಕಗಳನ್ನು ಬರೆದುಕೊಂಡವನೇ ಹೊರತು ಒಮ್ಮೆಯೂ ಅಂಗಳಕ್ಕೆ ಇಳಿದವನಲ್ಲ. ಆದರೆ ಅಂಕಪಟ್ಟಿಗಳನ್ನು ಓದುವುದರಲ್ಲಿ ನನಗೆ ಸ್ವಲ್ಪ ಪರಿಶ್ರಮವಿದೆ. ಇತಿಹಾಸದ ವಿದ್ಯಾರ್ಥಿಯಾದುದರಿಂದ ಹಳೆಯ ಪಟ್ಟಿಗಳ ಮೇಲೆ ಮೋಹವೂ ಇದೆ.

ಕಳೆದ ಬೇಸಗೆಯಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರದಿಂದ ಬಂದಿದ್ದ ನನ್ನ ಸೋದರಮಾವನವರು ಕೆಂಪು ಹಸಿರು ಬಣ್ಣದ ಟೋಪಿಯೊಂದನ್ನು ನನಗೆ ಕೊಟ್ಟರು. ಅದು ಸೌತ್ ಸಿಡ್ನಿ ಎಂಬ ರಗ್ಬಿ ಲೀಗ್ ಸಂಘದ ಟೋಪಿ. ಆ ಸಂಘದ ಚರಿತ್ರೆಯ ಕೋಷ್ಟಕವೊಂದನ್ನೂ ಅವರು ತೋರಿಸಿದರು. ವರ್ಷಕ್ಕೊಂದು ಸಾಲು: ಆಡಿದ ಪಂದ್ಯಗಳೆಷ್ಟು, ಗೆದ್ದುದೆಷ್ಟು, ಸೋತುದೆಷ್ಟು, ಕಡೆಗೆ ದೊರೆತ ಸ್ಥಾನ ಯಾವುದು. 1908ರಿಂದ 1999ರವರೆಗೆ, ಎರಡು ಮಹಾಯುದ್ಧಗಳ ವರ್ಷಗಳೂ ಸೇರಿ, ಒಂದು ಸಾಲೂ ತಪ್ಪಿಲ್ಲ. 2000 ಮತ್ತು 2001ರ ಎದುರಿಗೆ ಮಾತ್ರ ಏನೂ ಇಲ್ಲ. 2002ರಿಂದ ಮತ್ತೆ ಅಂಕಿಗಳು ಪ್ರಾರಂಭವಾಗುತ್ತವೆ. ಶಾಸನವೊಂದರ ನಡುವೆ ಎರಡು ಸಾಲು ಅಳಿಸಿಹೋಗಿದ್ದರೆ ನಮ್ಮ ಇತಿಹಾಸದ ಅಧ್ಯಾಪಕರು ಅಲ್ಲಿಯೇ ನಿಂತುಬಿಡುತ್ತಾರೆ. ನಾನೂ ನಿಂತೆನು. ಆ ಖಾಲಿ ಸಾಲುಗಳ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ. ಆದರೆ ಅದಕ್ಕೆ ಮೊದಲು ಆಟವೆಂಥದು, ಸಂಘವೆಂಥದು ಎಂಬುದನ್ನು ಹೇಳಲೇಬೇಕು.

ರಗ್ಬಿ ಲೀಗ್ ಆಟದಲ್ಲಿ ಒಂದೊಂದು ಪಕ್ಷಕ್ಕೆ ಹದಿಮೂರು ಆಳುಗಳು. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡಬೇಕು. ಕೈಯಿಂದ ಎಸೆಯುವುದಾದರೆ ಹಿಂದಕ್ಕೆ ಮಾತ್ರ ಎಸೆಯಬೇಕು. ಎದುರಾಳಿಗಳ ಕೊನೆಯ ಗೆರೆಯನ್ನು ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು 'ಟ್ರೈ'. ಅವರು ಸುಮ್ಮನಿರುತ್ತಾರೆಯೆ? ಓಡುವವನನ್ನು ತಬ್ಬಿ ಕೆಡಹುತ್ತಾರೆ. ನಮ್ಮ ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕವನು ಔಟಾಗುತ್ತಾನೆ. ಅಲ್ಲಿ ಬಿದ್ದವನು ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ, ಮತ್ತೆ ಆಟ ಹೂಡುತ್ತಾನೆ. ಹೀಗೆ ಆರು ಸಲ ಬಿದ್ದರೆ ಚೆಂಡು ಎದುರಾಳಿಗಳ ಪಾಲಾಗುತ್ತದೆ. ಹಿಂದೆ ಈ ಎಣಿಕೆಯೇ ಇರಲಿಲ್ಲ. ಸೇಂಟ್ ಜಾರ್ಜ್ ಎಂಬ ಸಂಘ 1956ರಿಂದ 1966ರವರೆಗೆ ಸತತವಾಗಿ ಹನ್ನೊಂದು ವರ್ಷ ಸಿಡ್ನಿಯ ಪ್ರಶಸ್ತಿಯನ್ನು ಬಿಟ್ಟುಕೊಡದೆ ಇದ್ದುದು ಈ ಹಳೆಯ ನಿಯಮದ ಕಾಲದಲ್ಲಿಯೇ. 1967ರಲ್ಲಿ ನಾಲ್ಕು ಸಲವೆಂದೂ 1971ರಲ್ಲಿ ಆರು ಸಲವೆಂದೂ ಗೊತ್ತುಮಾಡಿದರು.

ಈ ಆಟ ಹುಟ್ಟಿದುದೇ ಕೂಲಿಯ ಜಗಳದಿಂದ. ಇಂಗ್ಲೆಂಡಿನ ಉತ್ತರಭಾಗದ ಗಿರಣಿಯವರೂ ಗಣಿಯವರೂ ಶನಿವಾರ ರಗ್ಬಿ ಆಡಲು ಹೋದರೆ ಆ ಹೊತ್ತಿನ ಕೂಲಿಯನ್ನು ಕಳೆದುಕೊಳ್ಳುತ್ತಿದ್ದರು. ಕಳೆದುಹೋದ ಕೂಲಿಯನ್ನಾದರೂ ತುಂಬಿಕೊಡಿರೆಂದು ಕೇಳಿದುದಕ್ಕೆ, ಆಟವೆಂಬುದು ಹಣಕ್ಕಾಗಿ ಆಡುವಂಥದಲ್ಲವೆಂದು ದೊಡ್ಡವರು ಉತ್ತರಕೊಟ್ಟರು. ಹಣವಿದ್ದವರಿಗೆ ಆ ಮಾತು ಸುಲಭ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಸಂಘಗಳು ಸಭೆ ಸೇರಿ ಬೇರೆಯಾದುವು. ಸಿಡ್ನಿಯಲ್ಲಿಯೂ ಇದೇ ಅಸಮಾಧಾನದಿಂದ 1907ರಲ್ಲಿ ಲೀಗ್ ಹುಟ್ಟಿತು. 1908ರ ಜನವರಿ 17ರಂದು ರೆಡ್‌ಫರ್ನ್ ಪುರಭವನದಲ್ಲಿ ಸೌತ್ ಸಿಡ್ನಿ ಸಂಘ ಸ್ಥಾಪಿತವಾಯಿತು.

ರೆಡ್‌ಫರ್ನ್ ಎಂಬುದು ಅಂದು ರೈಲ್ವೆ ಕಾರ್ಖಾನೆಯ ಕೆಲಸಗಾರರೂ ಬಡವರೂ ವಾಸಿಸುತ್ತಿದ್ದ ಬಡಾವಣೆ. ನಂತರದ ಕಾಲದಲ್ಲಿ ಆ ದೇಶದ ಮೂಲನಿವಾಸಿಗಳು ಬಹುವಾಗಿ ಬಂದು ನೆಲೆಸಿದ ಸ್ಥಳ. ಈ ಸಂಘದವರಿಗೆ 'ರ‍್ಯಾಬಿಟೋ' ಎಂಬ ಅಡ್ಡಹೆಸರಿದೆ. ಬೀದಿಬೀದಿಯಲ್ಲಿ ಮೊಲದ ಮಾಂಸವನ್ನು ಕೂಗಿ ಮಾರುವವರಿಗೆ ಆ ಊರಿನಲ್ಲಿ ಹಾಗೆ ಹೆಸರು. ಆಟಗಾರರಲ್ಲಿ ಕೆಲವರು ಶನಿವಾರ ಬೆಳಿಗ್ಗೆ ಮೊಲ ಮಾರಿ ಮಧ್ಯಾಹ್ನ ಅದೇ ಅಂಗಿಯಲ್ಲಿ ಆಡಲು ಬರುತ್ತಿದ್ದರೆಂದು ಐತಿಹ್ಯ. ಎದುರಾಳಿಗಳು ಹೀಯಾಳಿಸಲೆಂದು ಇಟ್ಟ ಹೆಸರನ್ನು ಇವರು ಬಿರುದಿನಂತೆ ಧರಿಸಿಕೊಂಡರು.

ಇನ್ನು ಕೋಷ್ಟಕಕ್ಕೆ ಬರೋಣ. ಮೊದಲನೆಯ ಸಾಲಿನಲ್ಲಿಯೇ ಪ್ರಶಸ್ತಿ: 1908ರಲ್ಲಿ ನೆರೆಯ ಈಸ್ಟರ್ನ್ ಸಬರ್ಬ್ಸ್ ಸಂಘವನ್ನು 14–12ರಿಂದ ಸೋಲಿಸಿದರು. ಎರಡನೆಯ ಸಾಲಿನಲ್ಲಿಯೂ ಪ್ರಶಸ್ತಿ. ಆದರೆ ಅದನ್ನು ಹೇಳುವಾಗ ಮಾವನವರು ಸ್ವಲ್ಪ ನಾಚಿಕೊಂಡರು. 1909ರ ಅಂತಿಮ ಪಂದ್ಯವನ್ನು ಬೇರೊಂದು ದೊಡ್ಡ ಪಂದ್ಯದ ಮುಂಚೆ ಪೀಠಿಕೆಯಂತೆ ಇಟ್ಟರೆಂದು ಬಾಲ್ಮೇನ್ ಸಂಘದವರು ಸಿಟ್ಟಾಗಿ ಆಡಲು ಬರಲಿಲ್ಲ. ಸೌತ್ ಸಿಡ್ನಿಯವರು ಚೆಂಡನ್ನು ಒದ್ದು, ತಾವೇ ಎತ್ತಿಕೊಂಡು ಹೋಗಿ, ಎದುರಾಳಿಗಳಿಲ್ಲದ ಗೆರೆಯ ಆಚೆ ಇಟ್ಟು ಬಂದರು. ಬಾಲ್ಮೇನಿನವರು ಇದನ್ನು ಬಹುಕಾಲ ಮರೆಯಲಿಲ್ಲ. ನನ್ನ ಅಭಿಪ್ರಾಯದಲ್ಲಿ ಮರೆಯಬೇಕಾದ ಕಾರಣವೂ ಇಲ್ಲ.

1914, 1918 ಎಂಬ ಎರಡು ಗೆಲುವುಗಳನ್ನು ದಾಟಿದರೆ 1925 ಸಿಗುತ್ತದೆ. ಆ ವರ್ಷ ಅವರು ಒಂದು ಪಂದ್ಯವನ್ನೂ ಸೋಲಲಿಲ್ಲ. ಅಲ್ಲಿಂದ 1929ರವರೆಗೆ ಐದು ವರ್ಷ ಪ್ರಶಸ್ತಿ. 1930ನ್ನು ಬಿಟ್ಟು 1931, 1932ರಲ್ಲಿ ಮತ್ತೆ. ಎಂಟು ವರ್ಷಗಳಲ್ಲಿ ಏಳು! ಆಮೇಲೆ ಬಹುಕಾಲ ಬರಗಾಲ. 1945ರಲ್ಲಿ ಒಂದೇ ಗೆಲುವು, 1946ರಲ್ಲಿ ಅದೂ ಇಲ್ಲ. ಕೊನೆಯ ಸ್ಥಾನದಲ್ಲಿ ನಿಂತವರಿಗೆ 'ಮರದ ಸೌಟು' ದೊರೆಯಿತೆಂದು ಅಲ್ಲಿಯವರು ಹಾಸ್ಯಮಾಡುತ್ತಾರೆ. ಸೌಟು ಹಿಡಿದ ಆ ಸಂಘ ನಾಲ್ಕು ವರ್ಷಗಳಲ್ಲಿ, ಎಂದರೆ 1950ರಲ್ಲಿ, ಪ್ರಶಸ್ತಿ ಹಿಡಿಯಿತು. 1951, 1953, 1954, 1955ರಲ್ಲಿಯೂ ಹಿಡಿಯಿತು.

1955ರ ಸಾಲಿನ ಮುಂದೆ ಸ್ವಲ್ಪ ನಿಲ್ಲಬೇಕು. ಋತುವಿನ ನಡುವೆ ಸಂಘ ಕೆಳಗೆ ಬಿದ್ದಿತ್ತು. ಉಳಿದ ಪಂದ್ಯಗಳಲ್ಲಿ ಒಂದನ್ನು ಸೋತರೂ ಆಟ ಮುಗಿದಂತೆಯೇ. ಸತತವಾಗಿ ಹನ್ನೊಂದು ಪಂದ್ಯಗಳನ್ನು ಗೆದ್ದರು. ಅವುಗಳಲ್ಲೊಂದು ಮ್ಯಾನ್ಲಿ ಸಂಘದ ಮೇಲೆ. ಕ್ಲೈವ್ ಚರ್ಚಿಲ್‌ಗೆ (ಇಂಗ್ಲೆಂಡಿನ ಪ್ರಧಾನಿಗೂ ಇವನಿಗೂ ಸಂಬಂಧವಿಲ್ಲ) ಆ ಪಂದ್ಯದಲ್ಲಿ ಕೈಯ ಮೂಳೆ ಮುರಿಯಿತು. ಶಾಲೆಯ ಮಕ್ಕಳ ಅಭ್ಯಾಸಪುಸ್ತಕದ ರಟ್ಟನ್ನು ಕೈಗೆ ಕಟ್ಟಿಕೊಂಡು ಅವನು ಆಡಿದನು. ಕಟ್ಟಕಡೆಯಲ್ಲಿ ಅವನು ಒದ್ದ ಚೆಂಡು ಕಂಬಗಳ ನಡುವೆ ಹಾದು ಪಂದ್ಯ 9–7ರಿಂದ ಗೆಲುವಾಯಿತು. ಅಂತಿಮ ಪಂದ್ಯವನ್ನು ಅವನು ಆಡಲಾಗಲಿಲ್ಲ. ಅವನಿಲ್ಲದೆಯೇ ನ್ಯೂಟೌನ್ ಸಂಘವನ್ನು ಒಂದೇ ಅಂಕದಿಂದ, 12–11ರಿಂದ, ಸೋಲಿಸಿದರು. ಕೋಷ್ಟಕದಲ್ಲಿ ಈ ರಟ್ಟಿನ ಸುದ್ದಿ ಎಲ್ಲಿಯೂ ಇಲ್ಲ; ಇರುವಂತೆಯೂ ಇಲ್ಲ.

ಚರ್ಚಿಲ್ ಮುಂದೆ ತರಬೇತುದಾರನಾಗಿ 1967, 1968, 1970, 1971ರ ಪ್ರಶಸ್ತಿಗಳನ್ನು ತಂದುಕೊಟ್ಟನು. 1970ರ ಅಂತಿಮ ಪಂದ್ಯದ ಮೊದಲ ನಿಮಿಷಗಳಲ್ಲಿಯೇ ನಾಯಕ ಜಾನ್ ಸ್ಯಾಟ್ಲರ್‌ನ ದವಡೆ ಮುರಿದರೂ ಅವನು ಕೊನೆಯವರೆಗೆ ಅಂಗಳವನ್ನು ಬಿಡಲಿಲ್ಲ. ಇದನ್ನು ಶೌರ್ಯವೆನ್ನಬೇಕೋ ಹುಚ್ಚೆನ್ನಬೇಕೋ ನಾನು ಅರಿಯೆ. ಅಂತೂ 1971ಕ್ಕೆ ಒಟ್ಟು ಇಪ್ಪತ್ತು ಪ್ರಶಸ್ತಿಗಳಾದುವು.

ಅಲ್ಲಿಗೆ ಕೋಷ್ಟಕದ ಬಣ್ಣ ಮಾಸುತ್ತದೆ. ಕಾರಣ ಅಂಗಳದಲ್ಲಿರಲಿಲ್ಲ, ಪೆಟ್ಟಿಗೆಯಲ್ಲಿತ್ತು. 1956ರಿಂದ ಆ ರಾಜ್ಯದ ಕ್ಲಬ್ಬುಗಳಲ್ಲಿ ಜೂಜಿನ ಯಂತ್ರಗಳನ್ನು ಇಡಲು ಕಾನೂನಿನ ಅಪ್ಪಣೆಯಾಗಿತ್ತು. ಅವುಗಳ ವರಮಾನ ಹೆಚ್ಚಾಗಿದ್ದ ಸಂಘಗಳು ಒಳ್ಳೆಯ ಆಟಗಾರರನ್ನು ಕೊಳ್ಳತೊಡಗಿದುವು. 1972ರಲ್ಲಿ ರಾನ್ ಕೂಟ್ ಈಸ್ಟರ್ನ್ ಸಬರ್ಬ್ಸ್‌ಗೂ, ಜಾನ್ ಓನೀಲ್ ಮತ್ತು ರೇ ಬ್ರಾನಿಗನ್ ಮ್ಯಾನ್ಲಿಗೂ ಹೋದರು. ಕೂಲಿಯ ನ್ಯಾಯಕ್ಕಾಗಿ ಹುಟ್ಟಿದ ಆಟದಲ್ಲಿ ಆಟಗಾರನು ಹೆಚ್ಚು ಕೂಲಿ ಸಿಗುವಲ್ಲಿಗೆ ಹೋದುದನ್ನು ತಪ್ಪೆನ್ನಲಾಗದು. ಆದರೆ ರೆಡ್‌ಫರ್ನ್ ಬಡವಾಯಿತು. ನಡುವೆ 1989ರಲ್ಲಿ ಒಂದು ಮಿಂಚು: ಲೀಗ್ ಪಟ್ಟಿಯಲ್ಲಿ ಮೊದಲ ಸ್ಥಾನ. ಮರುವರ್ಷವೇ ಕೊನೆಯ ಸ್ಥಾನ.

ಈಗ ಖಾಲಿ ಸಾಲುಗಳು. 1995ರಲ್ಲಿ ಪತ್ರಿಕೆ, ದೂರದರ್ಶನಗಳ ಒಡೆಯನಾದ ರೂಪರ್ಟ್ ಮರ್ಡಾಕ್‌ನ ನ್ಯೂಸ್ ಲಿಮಿಟೆಡ್ ಸಂಸ್ಥೆ ತನ್ನದೇ ಒಂದು 'ಸೂಪರ್ ಲೀಗ್' ಕಟ್ಟಲು ಹೊರಟಿತು. ಆಟವನ್ನು ಪ್ರಸಾರ ಮಾಡುವ ಹಕ್ಕಿನ ಮೇಲೆ ಅದರ ಕಣ್ಣು. ಸೌತ್ ಸಿಡ್ನಿ ಹಳೆಯ ಲೀಗಿನಲ್ಲಿಯೇ ಉಳಿಯಿತು. 1997ರಲ್ಲಿ ಎರಡು ಲೀಗುಗಳು ಬೇರೆಬೇರೆಯಾಗಿ ನಡೆದು ಇಬ್ಬರಿಗೂ ನಷ್ಟವಾಗಲು, ವರ್ಷದ ಕೊನೆಯಲ್ಲಿ ರಾಜಿಯಾಯಿತು. 1998ರಲ್ಲಿ ಇಪ್ಪತ್ತು ಸಂಘಗಳು ಆಡಿದುವು. ಆದರೆ 2000ಕ್ಕೆ ಹದಿನಾಲ್ಕು ಸಂಘಗಳು ಮಾತ್ರ ಉಳಿಯತಕ್ಕದ್ದೆಂಬುದು ರಾಜಿಯ ಷರತ್ತು. ಯಾರು ಉಳಿಯಬೇಕೆಂಬುದನ್ನು ಗೆದ್ದ ಪಂದ್ಯಗಳು, ಪ್ರೇಕ್ಷಕರ ವರಮಾನ, ಪ್ರಾಯೋಜಕರು, ಲಾಭ ಮುಂತಾದ ಬಾಬುಗಳಲ್ಲಿ ಅಂಕ ಹಾಕಿ ನಿರ್ಧರಿಸುವುದೆಂದಾಯಿತು. ಬೇಡವಾದರೆ ಇಬ್ಬರು ಕೂಡಿ ಒಂದಾಗಬಹುದು. ಸೇಂಟ್ ಜಾರ್ಜ್ ಇಲವಾರಾ ಸಂಘದೊಡನೆ ಕೂಡಿತು. 1908ರ ಮೂಲಸಂಘಗಳಾದ ಬಾಲ್ಮೇನ್ ಮತ್ತು ವೆಸ್ಟರ್ನ್ ಸಬರ್ಬ್ಸ್ ಒಂದಾದುವು. ನಾರ್ತ್ ಸಿಡ್ನಿಯೂ ಮ್ಯಾನ್ಲಿಯೂ ಒಲ್ಲದ ಮದುವೆಯಂತೆ ಕೂಡಿದುವು. ಸೌತ್ ಸಿಡ್ನಿ ಮಾತ್ರ ಒಪ್ಪಲಿಲ್ಲ. 1999ರ ಅಕ್ಟೋಬರ್ 15ರಂದು ಅದನ್ನು ಹೊರಗಿಟ್ಟರು. ಇಪ್ಪತ್ತು ಪ್ರಶಸ್ತಿಗಳಿಗೆ ಆ ಅಂಕಪಟ್ಟಿಯಲ್ಲಿ ಯಾವ ಬಾಬೂ ಇರಲಿಲ್ಲ.

ಪಂದ್ಯವಿಲ್ಲದ ಸಂಘವೆಂದರೇನು? ನಮ್ಮೂರಿನ ಕಬಡ್ಡಿ ತಂಡವನ್ನು ಪ್ರವೇಶಶುಲ್ಕ ಕಟ್ಟಲಾರದೆ ಹೋದ ವರ್ಷ ಒಂದು ಪಂದ್ಯಾವಳಿಯಿಂದ ಬಿಟ್ಟರು. ಹುಡುಗರು ಒಂದು ತಿಂಗಳು ಸಂಜೆ ಬಂದು ಅಂಗಳದ ಸುತ್ತ ಕುಳಿತರು. ಎರಡನೆಯ ತಿಂಗಳು ಯಾರೂ ಬರಲಿಲ್ಲ. ನನ್ನ ಅಂಕದ ಪುಸ್ತಕ ಅಲ್ಲಿಗೆ ನಿಂತಿತು. ಆದುದರಿಂದ ಸೌತ್ ಸಿಡ್ನಿಯೂ ಹಾಗೆಯೇ ಕರಗಿಹೋಗಬೇಕಾಗಿತ್ತೆಂದು ನಾನು ಭಾವಿಸಿದೆನು. ಕರಗಲಿಲ್ಲ. ಸಂಘದ ಅಧ್ಯಕ್ಷನೂ ಹಿಂದಿನ ಆಟಗಾರನೂ ಆದ ಜಾರ್ಜ್ ಪಿಗಿನ್ಸ್ ನ್ಯಾಯಾಲಯಕ್ಕೆ ಹೋದನು. ಜನರು ಬೀದಿಗೆ ಬಂದರು. 2000ದ ನವೆಂಬರ್ ತಿಂಗಳಿನಲ್ಲಿ, ಮೊದಲನೆಯ ತೀರ್ಪು ಸಂಘದ ವಿರುದ್ಧವಾಗಿ ಬಂದ ಬಳಿಕ, ರೆಡ್‌ಫರ್ನಿನಿಂದ ಸಿಡ್ನಿಯ ಪುರಭವನದವರೆಗೆ ಸುಮಾರು 80,000 ಜನರು ಮೆರವಣಿಗೆ ಹೋದರೆಂದು ವರದಿಯಾಯಿತು.

ಅವರಲ್ಲಿ ನನ್ನ ಮಾವನವರೂ ಒಬ್ಬರು. ಆಗ ಅವರು ಓದಲೆಂದು ಹೋಗಿ ರೈಲು ನಿಲ್ದಾಣದ ಬಳಿ ಕೋಣೆ ಹಿಡಿದಿದ್ದರು. ಒಂದು ಪಂದ್ಯವನ್ನೂ ಪೂರ್ತಿಯಾಗಿ ನೋಡಿರಲಿಲ್ಲ. ಪಕ್ಕದ ಮನೆಯ ಮುದುಕ, ಒಂದು ವರ್ಷದಲ್ಲಿ ತಲೆಯಾಡಿಸುವುದಕ್ಕಿಂತ ಹೆಚ್ಚು ಮಾತಾಡದಿದ್ದವನು, ಬಾಗಿಲು ತಟ್ಟಿ, "ಬರುತ್ತೀಯಾ?" ಎಂದನಂತೆ. "ಎಲ್ಲಿಗೆ ಎಂದು ಕೇಳದೆಯೇ ಹೋದೆ ಕಣೋ, ಬಿಸಿಲು ಜೋರಾಗಿತ್ತು, ನಡುದಾರಿಯಲ್ಲಿ ಅವನೇ ಈ ಟೋಪಿ ಹಾಕಿದ," ಎಂದು ಮಾವನವರು ಹೇಳಿದರು. ಟೋಪಿಯ ಚರಿತ್ರೆ ನನಗೆ ತಿಳಿದುದು ಆಗಲೇ.

ನ್ಯಾಯಾಲಯದ ಭಾಗ ರಾಜ್ಯಶಾಸ್ತ್ರದ ಗೆಳೆಯರಿಗೆ ರುಚಿಸಬಹುದು. ಪೈಪೋಟಿದಾರರು ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಯಾರನ್ನಾದರೂ ವ್ಯಾಪಾರದಿಂದ ಹೊರಗಿಡಬಾರದೆಂದು ಆಸ್ಟ್ರೇಲಿಯದ 1974ರ ವ್ಯಾಪಾರ ಪದ್ಧತಿ ಕಾಯಿದೆ ವಿಧಿಸಿತ್ತು. 'ಹದಿನಾಲ್ಕೇ' ಎಂದು ಗೊತ್ತುಮಾಡಿದುದರ ಉದ್ದೇಶ ಹೊರಗಿಡುವುದಲ್ಲವೆ ಎಂಬುದು ಪ್ರಶ್ನೆ. 2001ರ ಜುಲೈ 6ರಂದು ಫೆಡರಲ್ ನ್ಯಾಯಾಲಯದ ಪೂರ್ಣಪೀಠ ಬಹುಮತದಿಂದ ಹೌದೆಂದಿತು. 2002ರ ಋತುವಿಗೆ ಸಂಘ ಮರಳಿತು. ವಿಚಿತ್ರವೆಂದರೆ, 2003ರ ಆಗಸ್ಟಿನಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯ ಈ ತೀರ್ಪನ್ನು ತಳ್ಳಿಹಾಕಿ, ಷರತ್ತಿನ ಉದ್ದೇಶ ಯಾರನ್ನೂ ಹೊರಗಿಡುವುದಾಗಿರಲಿಲ್ಲವೆಂದು ನ್ಯೂಸ್ ಲಿಮಿಟೆಡ್ ಪರವಾಗಿ ಹೇಳಿತು! ಆದರೆ ಆ ವೇಳೆಗೆ ಸಂಘ ಮರಳಿ ಬಂದು ಎರಡನೆಯ ಋತುವನ್ನು ಆಡುತ್ತಿತ್ತು. ಕಾನೂನು ಬದಲಾಯಿತೆಂದು ಅದನ್ನು ಮತ್ತೆ ಯಾರೂ ಹೊರದೂಡಲಿಲ್ಲ.

ಮರಳಿದವರು ಗೆದ್ದರೆಂದು ಎಣಿಸಬೇಡಿರಿ. 2003, 2004, 2006ರಲ್ಲಿ ಮರದ ಸೌಟು. ಬೀದಿಗೆ ಬಂದ ಜನರು ಸಂಘವನ್ನು ಉಳಿಸಬಲ್ಲರು; ಪ್ರತಿವರ್ಷವೂ ಆಟಗಾರರ ಸಂಬಳ ಕೊಡಬಲ್ಲರೆ? 2006ರ ಮಾರ್ಚಿಯಲ್ಲಿ ಸಂಘದ ಮುಕ್ಕಾಲು ಪಾಲನ್ನು ಚಲಚ್ಚಿತ್ರ ನಟ ರಸೆಲ್ ಕ್ರೋ ಮತ್ತು ಉದ್ಯಮಿ ಪೀಟರ್ ಹೋಮ್ಸ್ ಆ ಕೋರ್ಟ್ ಇವರಿಗೆ ಕೊಡುವುದೇ ಬೇಡವೇ ಎಂದು ಸದಸ್ಯರು ಮತ ಹಾಕಿದರು. ಶೇಕಡಾ 75 ಬೇಕಾಗಿತ್ತು, ಬಂದುದು 75.8. ಬೀದಿಗಿಳಿದು ಹೋರಾಡಿದ ಪಿಗಿನ್ಸ್‌ನೇ ಇದನ್ನು ವಿರೋಧಿಸಿದ್ದನು. ಹಣವಂತರ ಕೈಯಿಂದ ಬಿಡಿಸಿಕೊಂಡುದನ್ನು ಹಣವಂತರಿಗೇ ಕೊಡುವುದೆ ಎಂಬ ಅವನ ಕಡೆಯವರ ಸಂಕಟ ನನಗೆ ಅರ್ಥವಾಗುತ್ತದೆ. ಮಾವನವರು ಒಪ್ಪುವುದಿಲ್ಲ. ಈ ವಿಷಯದಲ್ಲಿ ನಾವಿಬ್ಬರೂ ಎರಡು ರಾತ್ರಿ ಜಗುಲಿಯಲ್ಲಿ ವಾದಿಸಿ, ಅಜ್ಜಿಯಿಂದ ಬೈಸಿಕೊಂಡು ಮಲಗಿದೆವು.

2014ರ ಅಕ್ಟೋಬರ್ 5ರ ಸಾಲು ಅವರ ಪಕ್ಷಕ್ಕೆ ದೊಡ್ಡ ಸಾಕ್ಷಿ. ಅಂದು ಕ್ಯಾಂಟರ್‌ಬರಿ ಸಂಘವನ್ನು 30–6ರಿಂದ ಸೋಲಿಸಿ, ನಲವತ್ತಮೂರು ವರ್ಷಗಳ ಮೇಲೆ ಇಪ್ಪತ್ತೊಂದನೆಯ ಪ್ರಶಸ್ತಿಯನ್ನು ಪಡೆದರು. ಅಷ್ಟು ಪ್ರಶಸ್ತಿಗಳು ಬೇರೆ ಯಾವ ಸಂಘಕ್ಕೂ ಬಂದಿರಲಿಲ್ಲ. ಸ್ಯಾಮ್ ಬರ್ಜೆಸ್ ಎಂಬಾತನ ಕೆನ್ನೆಯ ಮೂಳೆ ಪಂದ್ಯದ ಮೊದಲ ಘರ್ಷಣೆಯಲ್ಲಿಯೇ ಮುರಿದಿದ್ದರೂ ಅವನು ಕೊನೆಯವರೆಗೆ ಆಡಿದನು. ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ಪದಕವೂ ಅವನಿಗೇ ಬಂದಿತು. ಆ ಪದಕಕ್ಕೆ ಹೆಸರು ಕ್ಲೈವ್ ಚರ್ಚಿಲ್ ಪದಕ. ಈ ಸಂಘದಲ್ಲಿ ಮೂಳೆ ಮುರಿದುಕೊಳ್ಳುವುದೂ ಒಂದು ಸಂಪ್ರದಾಯವೇನೋ! 2021ರಲ್ಲಿ ಮತ್ತೆ ಅಂತಿಮ ಪಂದ್ಯಕ್ಕೆ ಬಂದು ಪೆನ್ರಿತ್ ಸಂಘಕ್ಕೆ 14–12ರಿಂದ ಸೋತರು.

ಹೊರಡುವ ದಿನ ಮಾವನವರು ಆ ಕೋಷ್ಟಕವನ್ನು ನನಗೇ ಬಿಟ್ಟುಹೋದರು. ಅದನ್ನು ನನ್ನ ಅಂಕದ ಪುಸ್ತಕದಲ್ಲಿ, ನಮ್ಮೂರ ತಂಡದ ಕೊನೆಯ ಪಂದ್ಯವಿರುವ ಪುಟದಲ್ಲಿ ಇಟ್ಟಿದ್ದೇನೆ. ಈ ಸಲ ಪ್ರವೇಶಶುಲ್ಕಕ್ಕೆಂದು ಹುಡುಗರು ಮನೆಮನೆಗೆ ಹೋಗಿ ಎತ್ತಿದ ಹಣ ಅರ್ಧದಷ್ಟಾಗಿದೆ. ಟೋಪಿ ನನ್ನ ತಲೆಗೆ ದೊಡ್ಡದಾದುದರಿಂದ, ಸದ್ಯಕ್ಕೆ ಆ ಹಣವನ್ನು ಹಾಕಿಡುವುದಕ್ಕೆ ಉಪಯೋಗವಾಗುತ್ತಿದೆ.