ಪಾಠ ಹೇಳೋರು ಯಾರು? ಅಡ್ಮಿಷನ್‌ಗೆ ಮುಂಚೆ ಓದಬೇಕಾದ ಒಂದು ಪಟ್ಟಿ

ಇವತ್ತಿನ ಎಪಿಸೋಡ್ ಪಿಜಿ ಸೀಟಿಗಾಗಿ ಓಡಾಡ್ತಿರೋರಿಗೆ, ಮುಂದೆ ಪಿಎಚ್‌ಡಿ ಮಾಡಬೇಕು ಅಂತ ಮನಸ್ಸಿರೋರಿಗೆ.

ಹುಬ್ಬಳ್ಳಿ-ಧಾರವಾಡದಲ್ಲಿ ಓದೋಕೆ ಜಾಗಕ್ಕೇನೂ ಕೊರತೆ ಇಲ್ಲ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಶುರುವಾಗಿ, ಮರುವರ್ಷ ಧಾರವಾಡಕ್ಕೆ ಬಂತು. ಕೃಷಿ ವಿಶ್ವವಿದ್ಯಾಲಯ 1986ರದ್ದು, ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ 2009ರದ್ದು, ಐಐಟಿ 2016ರದ್ದು. ಇವುಗಳಲ್ಲಿ ಒಂದನ್ನ ಆರಿಸುವಾಗ ನಾವು ಫೀಸು, ಹಾಸ್ಟೆಲ್ಲು, ಪ್ಲೇಸ್‌ಮೆಂಟು ಎಲ್ಲ ಕೇಳ್ತೀವಿ. ಪಾಠ ಹೇಳೋರು ಯಾರು, ಅವರು ಎಷ್ಟು ದಿನ ಇರ್ತಾರೆ ಅಂತ ಮಾತ್ರ ಕೇಳೋದಿಲ್ಲ.

ಕೇಳಿದ್ರೂ ಸಿಗೋ ಉತ್ತರ ಒಂದು ದೊಡ್ಡ ಸಂಖ್ಯೆ: ‘ನಮ್ಮಲ್ಲಿ ಇಷ್ಟು ನೂರು ಅಧ್ಯಾಪಕರಿದ್ದಾರೆ’ ಅಂತ. ಆ ಸಂಖ್ಯೆಯಿಂದ ನಿಮಗೆ ಹೆಚ್ಚೇನೂ ತಿಳಿಯೋದಿಲ್ಲ. ನೀವು ಸೇರೋದು ಒಂದು ವಿಭಾಗಕ್ಕೆ. ಅಲ್ಲಿ ಹತ್ತು ಹುದ್ದೆ ಮಂಜೂರಾಗಿ, ಮೂರು ಮಾತ್ರ ಭರ್ತಿಯಾಗಿದ್ರೆ ನಿಮ್ಮ ಪಾಲಿಗೆ ಇರೋದು ಆ ಮೂರೇ ಮಂದಿ.

ಉಳಿದ ಕ್ಲಾಸ್ ಯಾರು ತಗೋತಾರೆ? ಅತಿಥಿ ಉಪನ್ಯಾಸಕರು. ಇಲ್ಲೊಂದು ಮಾತು ಸ್ಪಷ್ಟ ಇರಲಿ. ಅವರು ಚೆನ್ನಾಗಿ ಪಾಠ ಮಾಡೋದಿಲ್ಲ ಅಂತಲ್ಲ. ಎಷ್ಟೋ ವಿಭಾಗಗಳು ನಡೀತಿರೋದೇ ಅವರಿಂದ. ಆದರೆ ಅವರ ಕೆಲಸಕ್ಕೆ ಭದ್ರತೆ ಇಲ್ಲ. ಈ ವರ್ಷ ನಿಮಗೆ ಪಾಠ ಹೇಳಿದವರು ಮುಂದಿನ ವರ್ಷವೂ ಇರ್ತಾರೆ ಅನ್ನೋ ಖಾತ್ರಿ ಇಲ್ಲ. ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಗುತ್ತಿಗೆ ನೇಮಕಾತಿ ಒಟ್ಟು ಅಧ್ಯಾಪಕ ಹುದ್ದೆಗಳ ಶೇ 10ನ್ನು ಮೀರಬಾರದು. ನೀವು ಸೇರೋ ವಿಭಾಗದಲ್ಲಿ ಈ ಪ್ರಮಾಣ ಎಷ್ಟಿದೆ ಅಂತ ಲೆಕ್ಕ ಹಾಕಿ ನೋಡ್ರಿ.

ಪಿಎಚ್‌ಡಿ ಮಾಡೋರಿಗೆ ಇದು ಇನ್ನೂ ಮುಖ್ಯ. 2022ರ ಯುಜಿಸಿ ನಿಯಮದಂತೆ ಗೈಡ್ ಆಗೋರು ಕಾಯಂ ಅಧ್ಯಾಪಕರೇ ಆಗಿರಬೇಕು. ಪ್ರೊಫೆಸರ್ ಒಬ್ಬರು ಒಂದು ಹೊತ್ತಿಗೆ 8 ಮಂದಿಗೆ, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಮಂದಿಗೆ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿದ್ರೆ ಹೊಸಬರನ್ನು ತಗೊಳ್ಳೋ ಹಾಗಿಲ್ಲ. ಅಂದ್ರೆ ವಿಭಾಗದ ತುಂಬ ಹಿರಿಯರೇ ಇದ್ದು, ಹೊಸ ನೇಮಕಾತಿ ಆಗದಿದ್ರೆ, ಬೋರ್ಡಿನ ಮೇಲೆ ದೊಡ್ಡ ದೊಡ್ಡ ಹೆಸರಿದ್ದೂ ನಿಮಗೆ ಗೈಡ್ ಸಿಗದೇ ಇರಬಹುದು.

ಹಾಗಾದ್ರೆ ಈ ಮಾಹಿತಿ ಎಲ್ಲಿ ಸಿಗುತ್ತೆ? ನಿಮ್ಮ ಮೊಬೈಲಲ್ಲೇ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಹೆಸರು ಕೇಳಿರ್ತೀರಿ. 2016ರಿಂದ ಬರ್ತಿದೆ. ಅದರಲ್ಲಿ ಭಾಗವಹಿಸೋ ಸಂಸ್ಥೆ ತಾನು ಕೊಟ್ಟ ಮಾಹಿತಿಯನ್ನ ತನ್ನ ವೆಬ್‌ಸೈಟಿಗೂ ಹಾಕಬೇಕು. ರ‍್ಯಾಂಕ್ ನೋಡಿ ಸುಮ್ಮನಾಗಬೇಡಿ, ಆ ಪಿಡಿಎಫ್ ತೆಗೀರಿ. ಅದರಲ್ಲಿ ಅಧ್ಯಾಪಕರ ಪಟ್ಟಿ ಇರುತ್ತೆ: ವಯಸ್ಸು, ಹುದ್ದೆ, ವಿದ್ಯಾರ್ಹತೆ, ತಿಂಗಳ ಲೆಕ್ಕದಲ್ಲಿ ಅನುಭವ, ಸೇರಿದ ದಿನ, ಕಾಯಮ್ಮೋ ಗುತ್ತಿಗೆಯೋ ಎಲ್ಲ.

ಆ ಪಟ್ಟಿಯನ್ನ ವಿಭಾಗದ ಪುಟದ ಪಕ್ಕ ಇಟ್ಟು ನಾಲ್ಕು ವಿಷಯ ನೋಡ್ರಿ. ಒಂದು, ಕಾಯಂ ಇರೋರು ಎಷ್ಟು ಮಂದಿ, ವಿದ್ಯಾರ್ಥಿಗಳು ಎಷ್ಟು. ಎರಡು, ವಯಸ್ಸು. ಎಳೆಯರು, ನಡುವಯಸ್ಸಿನವರು, ಹಿರಿಯರು ಮೂರೂ ಥರದವರು ಇದ್ರೆ ವಿಭಾಗಕ್ಕೆ ಮುಂದೆಯೂ ಬಾಳಿಕೆ ಇದೆ ಅಂತ ಅರ್ಥ. ಮೂರು, ನಿಮಗೆ ಬೇಕಾದ ವಿಷಯದಲ್ಲಿ ಕೆಲಸ ಮಾಡಿದವರು ಇದ್ದಾರಾ. ನಾಲ್ಕು, ಎಲ್ಲರೂ ಅದೇ ವಿಭಾಗದಲ್ಲಿ ಓದಿ ಅಲ್ಲೇ ಸೇರಿದವರಾ, ಇಲ್ಲ ಹೊರಗಿನಿಂದಲೂ ಬಂದಿದ್ದಾರಾ. ಬೇರೆ ಬೇರೆ ಕಡೆ ಕಲಿತವರು ಬೇರೆ ಬೇರೆ ಯೋಚನೆ ತರ್ತಾರೆ.

ಪಟ್ಟಿ ಹೇಳದ ಒಂದು ಸಂಗತಿಯೂ ಇದೆ: ಕ್ಲಾಸ್ ದಿನಾ ನಡೆಯುತ್ತಾ? ಅದಕ್ಕೆ ಸೀನಿಯರ್‌ಗಳನ್ನೇ ಕೇಳಬೇಕು. ಅಡ್ಮಿಷನ್ ಫಾರ್ಮ್ ತರೋಕೆ ಹೋದಾಗ ಕ್ಯಾಂಟೀನ್‌ನಲ್ಲಿ ಒಂದು ಚಾ ಕುಡಿಯೋ ಹೊತ್ತು ಕೂತು ಮಾತಾಡಿದ್ರೆ ಸಾಕು. ಕಳೆದ ಸೆಮಿಸ್ಟರ್‌ನಲ್ಲಿ ಯಾವ ಪೇಪರಿಗೆ ಯಾರು ಪಾಠ ಮಾಡಿದ್ರು, ಸಿಲಬಸ್ ಎಷ್ಟು ಮುಗೀತು ಅಂತ ಕೇಳ್ರಿ.

ಎರಡು ವರ್ಷ ನಿಮ್ಮದು, ದುಡ್ಡು ಮನೆಯವರದು. ಕೇಳೋಕೆ ಸಂಕೋಚ ಬೇಡ. ಮತ್ತೆ ಸಿಗೋಣ್ರಿ.