ಬೆಳ್ಳಿತೆರೆಯಿಂದ ಅಂಗೈಗೆ ಇಳಿದ ಮಾಹಿಷ್ಮತಿ

ಹಾನಗಲ್ಲಿಗೆ ಹಳೆಯ ಶಾಸನಗಳಲ್ಲಿ ಪಾನುಂಗಲ್ಲು ಎಂಬ ಹೆಸರಿದೆ. ವಿರಾಟಕೋಟೆ, ವಿರಾಟನಗರಿ ಎಂಬ ಹೆಸರುಗಳೂ ಇವೆ. ಪಾಂಡವರು ಅಜ್ಞಾತವಾಸದ ವರ್ಷವನ್ನು ಕಳೆದದ್ದು ಇಲ್ಲಿಯೇ ಎಂಬ ನಂಬಿಕೆ ಊರವರದು. ಇದೇ ಹಿರಿಮೆಯನ್ನು ತಮ್ಮದೆನ್ನುವ ಊರುಗಳು ದೇಶದಲ್ಲಿ ಇನ್ನೂ ಹಲವಿವೆ; ಆ ತಕರಾರು ಇಲ್ಲಿ ಬೇಡ. ವಿರಾಟನ ಆಸ್ಥಾನದಲ್ಲಿ ಧರ್ಮರಾಯ ಕಂಕಭಟ್ಟನೆಂಬ ಹೆಸರಿಟ್ಟುಕೊಂಡು ಅರಸನಿಗೆ ಪಗಡೆಯ ಜೊತೆಗಾರನಾಗಿದ್ದ. ಜೂಜಿನಲ್ಲಿ ರಾಜ್ಯವನ್ನೇ ಕಳೆದುಕೊಂಡವನಿಗೆ ಸಿಕ್ಕ ಉದ್ಯೋಗ ಅದು! ಕುಮಾರ ಉತ್ತರ ಕೌರವರನ್ನು ಗೆದ್ದನೆಂದು ಅರಸ ಹಿಗ್ಗಿದಾಗ ಕಂಕ ಬೃಹನ್ನಳೆಯನ್ನು ಹೊಗಳಿದ. ಸಿಟ್ಟಿಗೆದ್ದ ವಿರಾಟ ಕೈಯಲ್ಲಿದ್ದ ದಾಳವನ್ನು ಅವನ ಮುಖಕ್ಕೇ ಎಸೆದ. ಮೂಗಿನಿಂದ ರಕ್ತ ಸುರಿಯಿತು.

ಅರಸರ ಪಗಡೆಯ ಕಥೆ ಹೀಗಾದರೆ, ಅದರ ಬಳಗಕ್ಕೇ ಸೇರಿದ ಚೌಕಾಬಾರವನ್ನು ಅಜ್ಜಿ ಮೊಮ್ಮಕ್ಕಳು ಮನೆಯ ಪಡಸಾಲೆಯಲ್ಲಿ ಸೀಮೆಸುಣ್ಣದ ಗೆರೆ ಎಳೆದು ಆಡುತ್ತ ಬಂದಿದ್ದಾರೆ. ಕವಡೆ ಇಲ್ಲದಿದ್ದರೆ ಒಂದು ಮಗ್ಗುಲು ಉಜ್ಜಿದ ಹುಣಿಸೆ ಬೀಜವಾದರೂ ಆದೀತು. (ಸವಣೂರಿನ ಹೆಸರಾಂತ ದೊಡ್ಡಹುಣಿಸೆ ಮರಗಳು ಈ ಕೆಲಸಕ್ಕೆ ಬಾರವು. ಹೆಸರು ಹುಣಿಸೆಯಾದರೂ ಅವು ಆಫ್ರಿಕಾ ಮೂಲದ ಬಾವೊಬಾಬ್ ಮರಗಳು.) ಎರಡು ಆಟಗಳಲ್ಲಿಯೂ ಕಾಯಿಗಳನ್ನು ಹೊಡೆಯುವುದು ಇದ್ದದ್ದೇ. ಆದರೆ ಒಂದರಲ್ಲಿ ಪಣವಿದೆ. ಇನ್ನೊಂದರಲ್ಲಿ ಹೊಡೆಸಿಕೊಂಡ ಕಾಯಿ ಮನೆಗೆ ಹೋಗಿ ಮತ್ತೆ ಹೊರಡುತ್ತದೆ. ಆಟವೊಂದು ಮನೆಮಂದಿಗೆಲ್ಲ ಒಗ್ಗುವಂಥದೋ ಅಲ್ಲವೋ ಎಂಬುದು ಅದರೊಳಗಿನ ಹೊಡೆದಾಟದಿಂದಲ್ಲ, ಸೋತವನನ್ನು ಅದು ಏನು ಮಾಡುತ್ತದೆ ಎಂಬುದರಿಂದ ತೀರ್ಮಾನವಾಗುತ್ತದೆ.

ಸಿನಿಮಾದಿಂದ ಹುಟ್ಟಿದ ವಿಡಿಯೊ ಆಟಗಳನ್ನೂ ಇದೇ ಒರೆಗೆ ಹಚ್ಚಿ ನೋಡಬಹುದು. ನೋಡಿದ ಕಥೆಯನ್ನು ಆಡಿ ನೋಡುವ ಆಸೆ ಹೊಸದೇನಲ್ಲ. ರಾತ್ರಿಯಿಡೀ ದೊಡ್ಡಾಟ ನೋಡಿದ ಹುಡುಗರು ಮರುದಿನ ಜೋಳದ ದಂಟು ಹಿಡಿದು ಭೀಮ, ಕೀಚಕರಾಗುತ್ತಿದ್ದರು. ಶಿಗ್ಗಾವಿ ತಾಲ್ಲೂಕಿನ ಗೋಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಡಾ. ರಾಜ್‌ಕುಮಾರ್ ಅವರ ಚಿತ್ರಪಾತ್ರಗಳ ಶಿಲ್ಪಗಳಿವೆ. ಪರದೆಯ ಪಾತ್ರವನ್ನು ಪಕ್ಕದಲ್ಲಿ ನಿಂತು ನೋಡುವ ಖುಷಿಯೇ ಬೇರೆ. ಹಿರೇಕೆರೂರಂತೂ ‘ಕೌರವ’ ಚಿತ್ರದ ನಾಯಕ ಬಿ.ಸಿ. ಪಾಟೀಲರನ್ನು ಒಂದಕ್ಕಿಂತ ಹೆಚ್ಚು ಸಲ ವಿಧಾನಸಭೆಗೇ ಕಳಿಸಿದ ಕ್ಷೇತ್ರ. ಪರದೆ ಮತ್ತು ಬದುಕಿನ ನಡುವಣ ಗೋಡೆ ಈ ಸೀಮೆಯಲ್ಲಿ ತೆಳುವೇ.

ಆದರೆ ಜನಪ್ರಿಯ ಚಿತ್ರದ ಹೆಸರಿದ್ದ ಮಾತ್ರಕ್ಕೆ ಆಟ ಗೆಲ್ಲುವುದಿಲ್ಲ. ಅಮೆರಿಕದ ಅಟಾರಿ ಕಂಪನಿ 1982ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಚಿತ್ರವನ್ನು ಆಟವಾಗಿಸಿತು. ಕ್ರಿಸ್‌ಮಸ್ ಮಾರಾಟಕ್ಕೆ ಸಿದ್ಧವಾಗಲೆಂದು ಅದನ್ನು ಸುಮಾರು ಐದು ವಾರಗಳಲ್ಲಿ ಮುಗಿಸಲಾಯಿತು. ಆಡಿದವರಿಗೆ ಗುಂಡಿಯಲ್ಲಿ ಬೀಳುವುದು, ಏಳುವುದು, ಮತ್ತೆ ಬೀಳುವುದು ಇದೇ ಆಯಿತು. ಮಾರಾಟವಾಗದ ಸರಕನ್ನು 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿದರು. 2014ರಲ್ಲಿ ಅಗೆದಾಗ ‘ಇ.ಟಿ.’ ಕ್ಯಾಸೆಟ್ಟುಗಳು ನಿಜಕ್ಕೂ ಸಿಕ್ಕವು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ 2005ರ ‘ಲೆಗೊ ಸ್ಟಾರ್ ವಾರ್ಸ್’. ಡೆನ್ಮಾರ್ಕಿನ ಲೆಗೊ ಇಟ್ಟಿಗೆಗಳ ಪುಟ್ಟ ಬೊಂಬೆಗಳನ್ನು ಹಾಲಿವುಡ್ಡಿನ ಚಿತ್ರಮಾಲಿಕೆಯೊಂದರ ವೀರರನ್ನಾಗಿಸಿದ ಆಟ ಇದು. ತಯಾರಿಸಿದ್ದು ಇಂಗ್ಲೆಂಡಿನ ಟ್ರಾವೆಲರ್ಸ್ ಟೇಲ್ಸ್ ಸಂಸ್ಥೆ. ಮುಂದೆ ಇಂಡಿಯಾನಾ ಜೋನ್ಸ್, ಹ್ಯಾರಿ ಪಾಟರ್ ಚಿತ್ರಮಾಲಿಕೆಗಳೂ ಇದೇ ಅಚ್ಚಿನಲ್ಲಿ ಬಂದವು. ಇದರಲ್ಲಿ ಯುದ್ಧವಿದೆ, ಖಡ್ಗವಿದೆ, ಸಾವೂ ಇದೆ. ಸತ್ತ ಬೊಂಬೆ ಚೂರುಚೂರಾಗಿ ಉದುರುತ್ತದೆ. ಕೂಡಿಟ್ಟ ನಾಣ್ಯಗಳಲ್ಲಿ ಕೆಲವು ಚೆಲ್ಲಿಹೋಗುತ್ತವೆ. ಮರುಕ್ಷಣ ಬೊಂಬೆ ಅಲ್ಲಿಯೇ ಎದ್ದು ನಿಲ್ಲುತ್ತದೆ. ಎರಡನೆಯ ಆಟಗಾರ ಯಾವಾಗ ಬೇಕಾದರೂ ಬಂದು ಸೇರಬಹುದು, ಯಾವಾಗ ಬೇಕಾದರೂ ಎದ್ದು ಹೋಗಬಹುದು. ಒಲೆಯ ಮೇಲೆ ಹಾಲಿಟ್ಟು ಬಂದ ತಾಯಿಗೂ ಅಲ್ಲಿ ಜಾಗವುಂಟು. ಇನ್ನೊಂದು ವಿಶೇಷವೆಂದರೆ ಮೊದಲ ಆಟಗಳಲ್ಲಿ ಪಾತ್ರಗಳು ಮಾತನಾಡುತ್ತಿರಲಿಲ್ಲ. ಗೊಣಗುಟ್ಟುತ್ತ, ಕೈಸನ್ನೆ ಮಾಡುತ್ತ ಇಡೀ ಸಿನಿಮಾದ ಕಥೆಯನ್ನು ನಗೆಯಾಟವಾಗಿ ಅಭಿನಯಿಸುತ್ತಿದ್ದವು. ಇಂಗ್ಲಿಷು ಬಾರದ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಮುಂದೆ ಮಾತು ಬಂದಿತು. ಆದರೂ ಒಂಬತ್ತು ಚಿತ್ರಗಳನ್ನು ಒಟ್ಟುಗೂಡಿಸಿದ 2022ರ ಆಟದಲ್ಲಿ, ಬೇಕೆಂದವರಿಗಾಗಿ, ಹಳೆಯ ಗೊಣಗಾಟವನ್ನೂ ಉಳಿಸಿಕೊಂಡರು.

ಕರ್ನಾಟಕದಲ್ಲಿಯೂ ಇಂಥದೊಂದು ಪ್ರಯತ್ನ ನಡೆಯಿತು. ಎಸ್.ಎಸ್. ರಾಜಮೌಳಿ ಅವರ ‘ಬಾಹುಬಲಿ’ಯ ಮೊದಲ ಭಾಗ ಬಂದದ್ದು 2015ರ ಜುಲೈ 10ರಂದು, ಎರಡನೆಯದು 2017ರ ಏಪ್ರಿಲ್ 28ರಂದು. ತೆಲುಗು, ತಮಿಳಿನಲ್ಲಿ ತಯಾರಾಗಿ ಹಿಂದಿ, ಮಲಯಾಳಕ್ಕೆ ಡಬ್ ಆದ ಚಿತ್ರ ಆಗ ಕನ್ನಡದಲ್ಲಿ ತೆರೆ ಕಾಣಲಿಲ್ಲ. ಎರಡನೆಯ ಭಾಗಕ್ಕಂತೂ ಇಲ್ಲಿ ಬೇರೆಯೇ ಅಡ್ಡಿ ಎದುರಾಯಿತು. ಕಟ್ಟಪ್ಪನ ಪಾತ್ರಧಾರಿ ಸತ್ಯರಾಜ್ ಕಾವೇರಿ ವಿವಾದದ ಸಂದರ್ಭದಲ್ಲಿ ಹಿಂದೆ ಆಡಿದ್ದ ಮಾತಿಗೆ ಕನ್ನಡ ಸಂಘಟನೆಗಳು ಪ್ರತಿಭಟಿಸಿದವು. ಅವರು ವಿಷಾದ ಸೂಚಿಸಿದ ಮೇಲೆಯೇ ದಾರಿ ತೆರವಾಯಿತು. ಹೀಗೆ ಕನ್ನಡವಾಡದ ಚಿತ್ರವನ್ನು ಆಟವಾಗಿಸಿದ್ದು ಮಾತ್ರ ಬೆಂಗಳೂರಿನ ಸಂಸ್ಥೆ. 2013ರಲ್ಲಿ ಆರಂಭವಾದ ಮೂನ್‌ಫ್ರಾಗ್ ಲ್ಯಾಬ್ಸ್ 2017ರಲ್ಲಿ ‘ಬಾಹುಬಲಿ: ದಿ ಗೇಮ್’ ಅನ್ನು ಮೊಬೈಲಿಗೆ ತಂದಿತು. ಮಾಹಿಷ್ಮತಿಯನ್ನು ಕಟ್ಟುವುದು, ಸೈನ್ಯಕ್ಕೆ ತರಬೇತಿ ಕೊಡುವುದು, ಕಾಲಕೇಯರಿಂದ ನಗರವನ್ನು ಕಾಯುವುದು ಆಟಗಾರನ ಕೆಲಸ.

ಕೋಟೆ ಕಟ್ಟಿ ಕಾದಾಡುವ ಈ ಮಾದರಿಯನ್ನು ಲೋಕಪ್ರಿಯಗೊಳಿಸಿದ್ದು ಫಿನ್ಲೆಂಡಿನ ಸೂಪರ್‌ಸೆಲ್ ಸಂಸ್ಥೆಯ 2012ರ ‘ಕ್ಲ್ಯಾಶ್ ಆಫ್ ಕ್ಲ್ಯಾನ್ಸ್’. ಈ ಬಗೆಯ ಆಟಗಳು ಪುಕ್ಕಟೆ. ರಕ್ತ ಹರಿಯುವುದೂ ಕಾಣುವುದಿಲ್ಲ. ಆದರೆ ಬುರುಜು ಏಳಲು ಗಂಟೆಗಟ್ಟಲೆ ಕಾಯಬೇಕು. ಕಾಯುವ ತಾಳ್ಮೆ ಇಲ್ಲದವರು ದುಡ್ಡು ಕೊಟ್ಟು ಅವಸರ ಮಾಡಿಸಬಹುದು. ತಾಳ್ಮೆ ಯಾರಿಗಿರುವುದಿಲ್ಲ? ಮಕ್ಕಳಿಗೆ. ದುಡ್ಡು ಯಾರದು? ಫೋನಿನ ಯಜಮಾನರದು. ಅಲ್ಲದೆ ಒಂದು ಫೋನಿಗೆ ಒಬ್ಬನೇ ಆಟಗಾರ. ಪಕ್ಕದಲ್ಲಿ ಕುಳಿತ ತಂಗಿ ಬರೀ ಪ್ರೇಕ್ಷಕಿ. ಮನೆಯವರೆಲ್ಲ ಒಟ್ಟಿಗೆ ಕುಳಿತು ನೋಡಿದ ಸಿನಿಮಾ, ಆಟವಾಗುವಾಗ ಒಬ್ಬೊಬ್ಬರ ಪಾಲಾಯಿತು. ಹಾನಗಲ್ಲಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ ಮಗನ ಕೈಗೆ ಫೋನು ಕೊಡುವ ತಂದೆ ಗಮನಿಸಬೇಕಾದದ್ದು ಇದನ್ನು.

ವಯಸ್ಸಿನ ಚೀಟಿ ಇಲ್ಲಿ ಪೂರ್ತಿ ನೆರವಿಗೆ ಬಾರದು. ‘ಮಾರ್ಟಲ್ ಕಾಂಬ್ಯಾಟ್’ ಎಂಬ ಆಟದ ಕ್ರೌರ್ಯ 1993ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ಚರ್ಚೆಯಾದ ಬಳಿಕ, ಯಾವ ವಯಸ್ಸಿಗೆ ಯಾವ ಆಟ ಎಂದು ಗುರುತು ಹಚ್ಚುವ ಮಂಡಳಿ 1994ರಲ್ಲಿ ಅಲ್ಲಿ ಹುಟ್ಟಿತು. ಅದು ಮುಖ್ಯವಾಗಿ ನೋಡಿದ್ದು ರಕ್ತ, ಅಶ್ಲೀಲತೆ, ಬೈಗುಳ ಇಂಥವನ್ನು. ಭಾರತದಲ್ಲಿ 2025ರ ಕೇಂದ್ರ ಕಾಯ್ದೆ ನಿಷೇಧಿಸಿದ್ದು ಹಣವನ್ನು ಪಣಕ್ಕಿಡುವ ಆನ್‌ಲೈನ್ ಆಟಗಳನ್ನು, ಅಂದರೆ ಧರ್ಮರಾಯ ಸೋತ ಬಗೆಯನ್ನು. ಗೆದ್ದರೂ ಹಣ ಮರಳದ, ಅವಸರಕ್ಕೆ ಮಾತ್ರ ಬೆಲೆ ತೆರುವ ಖರೀದಿ ಅಂಥ ಪಣದ ಸಾಲಿಗೆ ಸೇರುವುದಿಲ್ಲ.

ಮೂನ್‌ಫ್ರಾಗ್ ಸಂಸ್ಥೆಯನ್ನು 2021ರಲ್ಲಿ ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಕೊಂಡುಕೊಂಡಿತು. ಮೂನ್‌ಫ್ರಾಗ್ ಹೆಸರಾಗಿರುವುದು ಮಾಹಿಷ್ಮತಿಯಿಂದಲ್ಲ. ‘ತೀನ್ ಪತ್ತಿ’ ಎಂಬ ಇಸ್ಪೀಟಾಟದಿಂದ ಮತ್ತು ‘ಲೂಡೊ ಕ್ಲಬ್’ನಿಂದ. ಲೂಡೊ ಎಂಬುದು 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದ, ನಮ್ಮ ಪಗಡೆಯ ಸರಳ ರೂಪ. ಕಂಕಭಟ್ಟನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗುತ್ತಿರಲಿಲ್ಲ.